ಟಿ.ವಿ.ಗೆ ನಾವು ಕಾಣಿಸುವುದಿಲ್ಲ

ಮಣ್ಣು ಮಾಡಿ, ಕಾರ್ಯ ಮುಗಿಸಿ, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಪವಿತ್ರ ಎದ್ದಾಗ ಮನೆ ಎಂದಿನಂತೆಯೇ ಇತ್ತು. ಅತ್ತೆ ಗುಡ್ಡಮ್ಮ ಒಲೆ ಹಚ್ಚಿದ್ದಳು. ಮಾವ ಚಿಕ್ಕಬೀರಪ್ಪ ರೊಪ್ಪದ ಬಾಗಿಲು ತೆಗೆದು ಕುರಿಗಳನ್ನು ಹೊರಗೆ ಬಿಡುತ್ತಿದ್ದ. ಶಾಲೆಯ ಮಕ್ಕಳು ಬಂದು ಅಂಗಳದಲ್ಲಿ ನಿಂತವು.

"ಅಕ್ಕೋರೆ, ಕೀಲಿ."

ದಿನವೂ ಹೀಗೇ ಬರುತ್ತಿದ್ದವು. ಪವಿತ್ರಳ ಗಂಡ ಮಾಳೇಶ ಆ ಶಾಲೆಯ ಮೇಷ್ಟ್ರು. ಮೊಳೆಯಿಂದ ಕೀಲಿ ತೆಗೆದು ಎಸೆಯುತ್ತಿದ್ದ. ಮೊದಲು ಹಿಡಿದವರು ಬಾಗಿಲು ತೆಗೆಯಬೇಕು. ಎದೆನೋವು ಎಂದು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅದು ಮಕ್ಕಳಿಗೂ ಗೊತ್ತಿತ್ತು. ಆದರೂ ಬೆಳಗಾದರೆ ಶಾಲೆ, ಶಾಲೆಗೆ ಕೀಲಿ.

ಪವಿತ್ರ ಕೀಲಿ ಎಸೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ನಡೆದಳು.

ಬೀರನಹಟ್ಟಿ ಕುಬಟೂರಿನಾಚೆ ಕುರಿ ಸಾಕುವವರ ಸಣ್ಣ ಹಟ್ಟಿ. ಶಾಲೆ ಎಂದರೆ ಒಂದೇ ಕೋಣೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಎಲ್ಲರೂ ಅಲ್ಲೇ. ಹೊಸ ಮೇಷ್ಟ್ರು ಬರುವವರೆಗೆ ನೀನೇ ನೋಡಿಕೋ, ಎಂ.ಎ. ಓದಿದ್ದೀಯಲ್ಲ ಎಂದು ಊರಿನ ಶಿಕ್ಷಣ ಸಮಿತಿಯವರು ಹೇಳಿಹೋಗಿದ್ದರು. ಅವಳು ಬೇಡ ಎಂದಿರಲಿಲ್ಲ. ಹೂಂ ಎಂದೂ ಇರಲಿಲ್ಲ.

ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಒಂದನೇ ತರಗತಿಗೆ 'ಅ' ಹೇಳಿಕೊಡುವುದು ಗೊತ್ತಾಗಲಿಲ್ಲ. ಚಿಕ್ಕವರ ಕೈ ಹಿಡಿದು ತಿದ್ದಿಸುತ್ತಿದ್ದರೆ ದೊಡ್ಡವರು ಜಗಳಕ್ಕೆ ಬಿದ್ದರು. ದೊಡ್ಡವರಿಗೆ ಲೆಕ್ಕ ಕೊಟ್ಟು ಬರುವಷ್ಟರಲ್ಲಿ ಚಿಕ್ಕವರು ಅಂಗಳ ಸೇರಿದ್ದರು. ಮಧ್ಯಾಹ್ನ ಊಟಕ್ಕೆ ಹೋದವರಲ್ಲಿ ಅರ್ಧ ಮಕ್ಕಳು ವಾಪಸು ಬರಲಿಲ್ಲ. ಮರುದಿನವೂ ಅದೇ. ಅದರ ಮರುದಿನ ಇನ್ನೂ ಕಡಿಮೆ.

ಆ ಸಂಜೆ ಚಿಕ್ಕಬೀರಪ್ಪ ಹೆಗಲ ಕಂಬಳಿ ಇಳಿಸುತ್ತ ಹೇಳಿದ, "ಎಳ್ಳಮಾಸೆ ಕಳೀತಿದ್ದಂಗೆ ಮಂದೆ ಎಬ್ಬಿಸ್ತೀವಿ. ಸಾಗರದ ಕಡೆ ಗದ್ದೆ ಕುಯ್ಲಾಗೈತೆ, ಗೊಬ್ಬರಕ್ಕೆ ಮಂದೆ ತರುಬಾಕೆ ಕರ್ದಾರೆ. ಈ ಸಲ ಮಕ್ಕಳನ್ನೂ ಕರ್ಕಂಡು ಹೋಗೋದು ಅಂತ ಎಲ್ರೂ ಮಾತಾಡ್ಕಂಡೀವಿ."

"ಮಕ್ಕಳನ್ನು ಶಾಲೆಗೆ ಬಿಟ್ಟು ಹೋಗ್ತೀವಿ ಅಂತ ಅವರಿಗೆ ಮಾತು ಕೊಟ್ಟಿದ್ರಿ," ಎಂದಳು ಪವಿತ್ರ.

"ಕೊಟ್ಟಿದ್ದು ಹೌದು. ಅವನಿದ್ದ, ಕೊಟ್ಟಿದ್ವಿ. ಈಗ ಅಲ್ಲಿ ಏನು ನಡೀತೈತೆ ಹೇಳು. ಅಂಗಳದಾಗೆ ಮಣ್ಣಾಡಾಕೆ ಮಕ್ಕಳನ್ನ ಬಿಟ್ಟು ಹೋಗ್ಲಾ? ನಮ್ ಕೆಂಚಿನೂ ಬರ್ತಾಳೆ. ಮರಿ ಕಾಯ್ತಾಳೆ."

ಕೆಂಚಮ್ಮ ಮಾಳೇಶನ ಅಣ್ಣನ ಮಗಳು, ಮೂರನೇ ತರಗತಿ. ತಟ್ಟೆ ಮುಂದಿಟ್ಟುಕೊಂಡು ಕೂತವಳು ಚಿಕ್ಕಮ್ಮನ ಮುಖ ನೋಡಿದಳು. ಒಮ್ಮೆ ಮಂದೆಯ ಹಿಂದೆ ಹೋದ ಹುಡುಗಿ ಮತ್ತೆ ಶಾಲೆಗೆ ಬಂದದ್ದು ಆ ಹಟ್ಟಿಯಲ್ಲಿ ಯಾರಿಗೂ ನೆನಪಿಲ್ಲ.

ಭಾನುವಾರ ಕುಪ್ಪಗಡ್ಡೆಯಿಂದ ರಾಜೇಶ್ವರಮ್ಮ ಟೀಚರು ಬಂದರು. ಹಿಂದೆ ಮಾಳೇಶನ ಜೊತೆ ಕೆಲಸ ಮಾಡಿದವರು. ಅಳು, ಸಮಾಧಾನ ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು.

"ನಾಳೆಯಿಂದ ಆನವಟ್ಟಿ ಹೈಸ್ಕೂಲಲ್ಲಿ ನಮಗೆಲ್ಲ ತರಬೇತಿ ಇದೆ ಪವಿತ್ರ. ಟಿ.ವಿ. ಮೇಲೆ. ಬೆಂಗಳೂರಲ್ಲಿ ಕೂತವರು ಮಾತಾಡ್ತಾರೆ, ಡಿಶ್ ಹಾಕಿದಾರೆ, ಇಲ್ಲಿ ನಮಗೆ ಕಾಣುತ್ತೆ. ನಿನ್ನ ಹೆಸರೂ ಸೇರಿಸಿದೀನಿ. ಬಾ."

ಗುಡ್ಡಮ್ಮ ಅಡುಗೆಮನೆಯಿಂದಲೇ ಕೇಳಿದಳು, "ಅಲ್ಲ ಕಣ್ರವ್ವ, ಮೇಷ್ಟ್ರಿಗೆ ಟೀವಿ ಪಾಠ ಹೇಳ್ತೈತಾ? ಕುಬಟೂರಾಗೆ ಭಾನುವಾರ ಟೀವಿ ನೋಡ್ಕಂತ ಹಾಲು ಉಕ್ಕಿಸಿದ್ದನ್ನ ನೋಡೀನಿ. ಕಲ್ತಿದ್ದನ್ನ ನೋಡಿಲ್ಲ."

"ಇದು ಆ ಥರ ಅಲ್ಲಮ್ಮ. ಇದರಲ್ಲಿ ನಾವು ಫೋನ್ ಮಾಡಿ ವಾಪಸು ಕೇಳಬಹುದು. ಇಲ್ಲಿ ನಾನು ಕೇಳಿದ್ದು ಶಿಕಾರಿಪುರದಲ್ಲಿ ಕೂತವರಿಗೂ ಕೇಳಿಸುತ್ತೆ, ಬೀದರಿನವರಿಗೂ ಕೇಳಿಸುತ್ತೆ. ಅವರೂ ಉತ್ತರ ಹೇಳಬಹುದು."

"ಗಂಡನ್ನ ಮಣ್ಣು ಮಾಡಿ ತಿಂಗಳಾಗಿಲ್ಲ. ಇವಳ ದನಿ ಬೀದರಿಗೆ ಕೇಳಬೇಕಾ? ಜನ ಏನಂತಾರೆ?"

ಚಿಕ್ಕಬೀರಪ್ಪ ನಡುವೆ ಬಾಯಿ ಹಾಕಿದ. "ಹೋಗ್ಬರಲಿ ಬಿಡೇ. ಅಮಾಸೆ ಮಟ ನೋಡಾನ. ಆಮ್ಯಾಲೆ ನನ್ನ ತಡೀಬ್ಯಾಡ್ರಿ."

ಆನವಟ್ಟಿ ಹೈಸ್ಕೂಲಿನ ಹಾಲ್‌ನಲ್ಲಿ ಸೊರಬ ತಾಲ್ಲೂಕಿನ ಮೇಷ್ಟ್ರುಗಳು, ಟೀಚರುಗಳು ಸಾಲಾಗಿ ಕೂತಿದ್ದರು. ಕೇಂದ್ರದ ಹೊಣೆ ಹಿರಿಯ ಮುಖ್ಯೋಪಾಧ್ಯಾಯ ಆನಂದಪ್ಪನವರದು. ಟಿ.ವಿ.ಯಲ್ಲಿ ಕನ್ನಡಕ ಹಾಕಿದ ಒಬ್ಬ ಮೇಡಂ ಕಾಣಿಸಿಕೊಂಡು "ನಮಸ್ಕಾರ" ಎಂದರು. ಹಾಲ್‌ನಲ್ಲಿದ್ದವರೆಲ್ಲ ಎದ್ದು ನಿಂತು "ನಮಸ್ಕಾರ ಮೇಡಂ" ಎಂದರು.

"ಕೂತ್ಕೊಳ್ಳಿ" ಎಂದು ಟಿ.ವಿ. ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತೇ ಇದ್ದು, ಒಬ್ಬೊಬ್ಬರಾಗಿ ಕೂತರು.

ಮೇಡಂ ಮಾತಾಡುತ್ತಾ ಹೋದರು. ನಡುನಡುವೆ "ಅರ್ಥ ಆಯ್ತಲ್ವಾ?" ಎಂದರೆ ಇಡೀ ಹಾಲ್ ಒಟ್ಟಿಗೆ "ಆಯ್ತು ಮೇಡಂ" ಎನ್ನುತ್ತಿತ್ತು. ಒಂದೇ ಕೋಣೆಯ ಶಾಲೆಗಳ ವಿಷಯ ಬಂತು. ಗುಂಪು ಮಾಡಿ, ಚಟುವಟಿಕೆ ಕೊಡಿ ಎಂದರು. ಯಾವ ಗುಂಪು, ಯಾವ ಚಟುವಟಿಕೆ? ಪವಿತ್ರಳಿಗೆ ತಿಳಿಯಲಿಲ್ಲ. "ಅರ್ಥ ಆಯ್ತಲ್ವಾ?" ಎಂದರು ಮೇಡಂ. "ಆಯ್ತು ಮೇಡಂ."

ರಾಜೇಶ್ವರಮ್ಮ ಅವಳ ಕಿವಿಯಲ್ಲಿ ಹೇಳಿದರು, "ನೋಡು ನಮ್ಮ ಜನಾನ. ನಾವು ಟಿ.ವಿ.ಗೆ ಕಾಣಿಸೋದೇ ಇಲ್ಲ. ನಮ್ಮ ದನಿಯೂ ಕೇಳಿಸಲ್ಲ. ಫೋನ್ ಮಾಡಿದರೆ ಮಾತ್ರ ನಾವಿದೀವಿ ಅಂತ ಅವರಿಗೆ ಗೊತ್ತಾಗೋದು."

ಮಧ್ಯಾಹ್ನ ಆನಂದಪ್ಪನವರು ಒಂದು ಹಾಳೆ ಓದಿದರು. ನಾಳೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಫೋನ್ ಸಿಕ್ಕರೆ ತಾಲ್ಲೂಕಿನ ಪರವಾಗಿ ಹೇಳಬೇಕಾದ ಮಾತು ಅದು. ಪ್ರಶ್ನೆ ಒಂದೂ ಇರಲಿಲ್ಲ. ಇಂಥ ಅಮೂಲ್ಯ ಕಾರ್ಯಕ್ರಮ ಕೊಟ್ಟಿದ್ದಕ್ಕೆ ಅನಂತ ಧನ್ಯವಾದಗಳು ಎಂದಿತ್ತು.

"ಪ್ರಶ್ನೆ ಬೇಡ್ವಾ ಸಾರ್?" ಎಂದರು ರಾಜೇಶ್ವರಮ್ಮ.

"ನೀವೊಳ್ಳೇ ಹೇಳ್ತೀರಿ ಕಣ್ರೀ. ಇಡೀ ರಾಜ್ಯ ಕೇಳ್ತಾ ಇರುತ್ತೆ. ಸೊರಬದವರಿಗೆ ಏನೂ ಗೊತ್ತಿಲ್ಲ ಅಂತ ನಾವೇ ಡಂಗುರ ಹೊಡೀಬೇಕಾ? ಮೇಲಿನ ಸಾಹೇಬ್ರು ಹೆಸರು ಬರ್ಕೊಂಡ್ರೆ?"

ಆಗಲೇ ಬಾಗಿಲಲ್ಲಿ ದೊಡ್ಡ ದನಿ ಕೇಳಿತು. ಗೊಬ್ಬರದ ಅಂಗಡಿಯ ಶಾಂತವೀರಪ್ಪ. ಹೈಸ್ಕೂಲಿಗೆ ಫೋನ್ ಇರಲಿಲ್ಲ. ಕಾಂಪೌಂಡಿಗೆ ತಾಗಿದ ಅವನ ಅಂಗಡಿಯ ಫೋನನ್ನೇ ತರಬೇತಿಯ ದಿನಗಳಿಗೆಂದು ಮಾಳೇಶ ಮೊದಲೇ ಕೇಳಿ ಒಪ್ಪಿಸಿ, ಗೋಡೆ ಮೇಲಿಂದ ಉದ್ದ ವೈರು ಎಳೆಸಿಟ್ಟಿದ್ದ. ಅಂದು ಬೆಳಿಗ್ಗೆ ಆ ಫೋನನ್ನು ಹಾಲ್‌ಗೆ ತಂದಿದ್ದರು.

"ನನ್ನ ಫೋನ್ ಕೊಡ್ರಿ ಮೇಷ್ಟ್ರೆ. ದಾವಣಗೆರೆಯಿಂದ ಲೋಡು ಬರೋದಿತ್ತು. ಬೆಳಗಿಂದ ಫೋನ್ ಮಾಡಿ ಮಾಡಿ ಅವನು ಬೇರೆ ಕಡೆ ಇಳಿಸಿ ಹೋಗ್ಯಾನೆ."

ಆನಂದಪ್ಪನವರು ಬೆವರಿದರು. "ನಿಮ್ಮೊಪ್ಪಿಗೆ ಮೇಲೇ ಅಲ್ವೇನ್ರೀ..."

"ಒಪ್ಪಿದ್ದು ನಿಮಗಲ್ಲ. ಮಾಳೇಶ ಮೇಷ್ಟ್ರಿಗೆ. ಅವರೇ ಇಲ್ಲ ಈಗ."

ಕೆಲವರು ಪವಿತ್ರಳ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದರು. ಅವಳು ಎದ್ದು ಮುಂದೆ ಬಂದಳು.

"ನಾನು ಅವರ ಮನೆಯವಳು," ಎಂದಳು.

ಫೋನ್ ಎತ್ತಲು ಒಳಗೆ ಬಂದಿದ್ದ ಶಾಂತವೀರಪ್ಪನ ಕೈ ಅದರ ಮೇಲೆ ಹಾಗೇ ನಿಂತಿತು.

"ನಾಳೆ ಪ್ರಶ್ನೆ ಕೇಳೋ ದಿನ. ಆಮೇಲೆ ನಾವು ನಮ್ಮ ನಮ್ಮ ಶಾಲೇಲಿ ಮಾಡಿ ನೋಡಬೇಕು. ಅಮಾವಾಸ್ಯೆ ಕಳೆದ ಮೇಲೆ ಕೊನೇ ದಿನ ಇಲ್ಲಿ ಸೇರ್ತೀವಿ. ನಡುವಿನ ದಿನ ನಿಮ್ಮ ಅಂಗಡೀಲೇ ಇರ್ಲಿ. ಈ ಎರಡು ದಿನ ಮಾತ್ರ ಕೊಡಿ."

"ಕಳೆದುಹೋದ ಲೋಡಿಗೆ ಏನ್ರೀ ಮಾಡ್ಲಿ?"

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಅವನು ಅವಳ ಬಳೆಯಿಲ್ಲದ ಬರಿಗೈ ನೋಡಿದ. ಕೆಳಗೆ ನೋಡಿದ. "ಕೊನೇ ದಿನ ನೀವೇ ತಂದು ನನ್ನ ಕೈಗೆ ಕೊಡ್ಬೇಕು. ಬೇರೆ ಯಾರ ಕೈಲೂ ಕಳಿಸ್ಬಾರ್ದು," ಎಂದು ಹೇಳಿ ಹೊರಟ.

ಮರುದಿನ ಪ್ರಶ್ನೆಯ ಹೊತ್ತು ಬಂತು. ಆನಂದಪ್ಪನವರು ನಂಬರ್ ತಿರುಗಿಸಿದರು. ಎಂಗೇಜ್. ಮತ್ತೆ ತಿರುಗಿಸಿದರು. ಎಂಗೇಜ್. ಟಿ.ವಿ.ಯಲ್ಲಿ ಬೇರೆ ಬೇರೆ ಜಿಲ್ಲೆಯವರ ದನಿ ಬರುತ್ತಿತ್ತು. ಹೊತ್ತು ಹೋಗುತ್ತಿತ್ತು. ಇನ್ನೇನು ಮುಗಿಯುತ್ತದೆ ಎನ್ನುವಾಗ ಲೈನ್ ಸಿಕ್ಕಿತು. ಆನಂದಪ್ಪನವರು ಎದ್ದು ನಿಂತು, ಹಾಳೆ ಹಿಡಿದು, "ಮಾನ್ಯರೇ" ಎಂದರು. ಟಿ.ವಿ.ಯಿಂದಲೂ "ಮಾನ್ಯರೇ" ಎಂದು ಅವರದೇ ದನಿ ತಿರುಗಿ ಬಂದು, ಕೊನೆಗೆ ಕೀರಲು ಶಿಳ್ಳೆಯಾಯಿತು.

"ದಯವಿಟ್ಟು ನಿಮ್ಮ ಟಿ.ವಿ. ಸದ್ದು ತಗ್ಗಿಸಿ," ಎಂದರು ಮೇಡಂ. ರಾಜೇಶ್ವರಮ್ಮ ಓಡಿ ತಗ್ಗಿಸಿದರು. "ಯಾವ ಕೇಂದ್ರ? ನಿಮ್ಮ ಪ್ರಶ್ನೆ ಏನು?"

"ಆನವಟ್ಟಿ ಕೇಂದ್ರ ಮೇಡಂ. ಪ್ರಶ್ನೆ ಏನೂ ಇಲ್ಲ. ಎಲ್ಲಾ ಬಹಳ ಚೆನ್ನಾಗಿ ಅರ್ಥವಾಗಿದೆ. ತಮಗೆ ಅನಂತ..."

ಪವಿತ್ರ ಹೋಗಿ ಅವರ ಕೈಯಿಂದ ರಿಸೀವರ್ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ. ಅವರೇ ಗಾಬರಿಯಾಗಿ ಬಿಟ್ಟರು.

"ನನಗೆ ಅರ್ಥ ಆಗಿಲ್ಲ ಮೇಡಂ," ಎಂದಳು.

ಯಾರೋ ಹಿಂದಿನಿಂದ "ಅಯ್ಯೋ" ಎಂದರು.

"ಹೇಳಿ. ಯಾರು ಮಾತಾಡ್ತಿರೋದು?"

"ಬೀರನಹಟ್ಟಿ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ. ಚಿಕ್ಕವರಿಗೆ ಅಕ್ಷರ ಬರೆಸುವಾಗ ದೊಡ್ಡವರು ಏನು ಮಾಡಬೇಕು? ಗುಂಪು ಮಾಡಿ ಅಂದ್ರಿ. ಹೇಗೆ ಅಂತ ಹೇಳಲಿಲ್ಲ. ಅಮಾವಾಸ್ಯೆಗೆ ನಮ್ಮ ಮಕ್ಕಳನ್ನು ಕುರಿ ಹಿಂದೆ ಕರ್ಕೊಂಡು ಹೋಗ್ತಾರೆ. ಅಷ್ಟರೊಳಗೆ ನನಗೆ ಗೊತ್ತಾಗಬೇಕು."

ಟಿ.ವಿ.ಯಲ್ಲಿ ಮೇಡಂ ಕನ್ನಡಕ ತೆಗೆದರು. ಮುಂದಿನ ಕಾಗದ ಪಕ್ಕಕ್ಕೆ ಸರಿಸಿದರು.

"ನಾಲ್ಕು ಪಾಠ ಮಾಡಬೇಡಿ," ಎಂದರು. "ಒಂದೇ ವಿಷಯ ತಗೊಳ್ಳಿ, ಎಲ್ಲರಿಗೂ. ಕುರಿ ಅಂದ್ರಲ್ಲ, ಕುರಿಯನ್ನೇ ತಗೊಳ್ಳಿ. ಒಂದನೇ ತರಗತಿ ಕಲ್ಲು ಇಟ್ಟು ಕುರಿ ಎಣಿಸಲಿ. ಎರಡನೆಯವರು ಕುರಿ, ಕಂಬಳಿ, ಕೋಲು ಅಂತ ಹೆಸರು ಬರೀಲಿ. ಮೂರನೆಯವರು ಎರಡು ಮಂದೆ ಕೂಡಿದರೆ ಎಷ್ಟು, ಕಳೆದರೆ ಎಷ್ಟು ಅಂತ ಲೆಕ್ಕ ಮಾಡಲಿ. ನಾಲ್ಕನೆಯವರು ಮಂದೆ ಹೋಗುವ ದಾರಿಯ ನಕ್ಷೆ ಬರೀಲಿ. ನೀವು ಗುಂಪಿಂದ ಗುಂಪಿಗೆ ಹೋಗಿ."

ರಿಸೀವರ್ ಇಟ್ಟು ಟಿ.ವಿ. ಸದ್ದು ಏರಿಸಿದ ಕೂಡಲೇ ಅದರಲ್ಲಿ ಇನ್ನೊಂದು ದನಿ ಬಂತು. ಶಿಕಾರಿಪುರ ಕೇಂದ್ರ, ರೇಣುಕಾಪ್ರಸಾದ್ ಎಂಬ ಮೇಷ್ಟ್ರು. "ಆ ಬೀರನಹಟ್ಟಿ ಅಕ್ಕೋರಿಗೆ ಒಂದು ಮಾತು ಹೇಳ್ತೀನ್ರಿ. ನಂದೂ ಒಂದೇ ಕೋಣೆ. ನಾ ಏನ್ ಮಾಡೀನಿ ಅಂದ್ರ, ಪ್ರತಿ ಗುಂಪಿಗೂ ದೊಡ್ಡ ಮಕ್ಕಳಾಗ ಒಬ್ಬೊಬ್ಬರನ್ನ ಯಜಮಾನ ಮಾಡೀನಿ. ದಿನಾ ಯಜಮಾನರು ಬದಲಾಗ್ತಾರ. ಜಗಳ ನಿಂತದ. ಬೇರೆ ಜಗಳ ಶುರುವಾಗ್ಯದ, ಆದರ ಅದು ಪಾಠದ ಜಗಳ."

ಹಾಲ್‌ನಲ್ಲಿ ನಗು ಎದ್ದಿತು. ಆನಂದಪ್ಪನವರು ನಗಲಿಲ್ಲ. ಪವಿತ್ರಳ ಹತ್ತಿರ ಬಂದು ದನಿ ತಗ್ಗಿಸಿ, "ಇನ್ನೊಂದು ಸಲ ಲೈನ್ ಸಿಕ್ಕರೆ, ಭಾಗಾಕಾರ ಹೇಗೆ ಹೇಳಿಕೊಡೋದು ಅಂತ ಕೇಳ್ರಿ," ಎಂದರು. "ನನ್ನ ಹೆಸರು ಹೇಳ್ಬೇಡಿ."

ಬೀರನಹಟ್ಟಿಯಲ್ಲಿ ಮೊದಲ ದಿನ ಕಲ್ಲುಗಳು ಕಿಟಕಿಯಿಂದ ಹಾರಿದವು. ಎರಡನೇ ದಿನ ಯಜಮಾನಿಕೆಗೆ ಹೊಡೆದಾಟವಾಯಿತು. ಪವಿತ್ರ ರಾಜೇಶ್ವರಮ್ಮನ ಹತ್ತಿರ ನಡೆದುಹೋಗಿ ಕೇಳಿಬಂದಳು: ಚಿಕ್ಕವರನ್ನು ಬಾಗಿಲಿನಿಂದ ದೂರ ಕೂರಿಸು. ಕೂರಿಸಿದಳು. ಆಮೇಲೆ ಊಟಕ್ಕೆ ಹೋದ ಮಕ್ಕಳು ಬಾಯಿ ಒರೆಸಿಕೊಳ್ಳುತ್ತಲೇ ಓಡಿ ಬರತೊಡಗಿದರು.

ಅಮಾವಾಸ್ಯೆಯ ಹಿಂದಿನ ದಿನ ಚಿಕ್ಕಬೀರಪ್ಪ ಶಾಲೆಯ ಬಾಗಿಲಲ್ಲಿ ಬಂದು ನಿಂತ. ಕೆಂಚಮ್ಮನನ್ನು ಕರೆದೊಯ್ಯಲು ಬಂದವನು. ನಾಲ್ಕನೇ ತರಗತಿಯವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂದೆಯ ದಾರಿ ಬರೆಯುತ್ತಿದ್ದರು. ಅವನು ಬಹಳ ಹೊತ್ತು ನೋಡಿದ.

"ಹೊಳೆ ಅಲ್ಲಿ ಬರಾಕಿಲ್ಲ," ಎಂದ. "ಮೊದ್ಲು ಗುಡ್ಡ. ಆಮ್ಯಾಲೆ ಹೊಳೆ."

"ಒಳಗೆ ಬಂದು ತಿದ್ದಿಕೊಡ್ರಿ ಮಾವ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣ ಹಿಡಿದ. ಆಚೆ ಮೂಲೆಯಲ್ಲಿ ಅಂದಿನ ಯಜಮಾನಿ ಕೆಂಚಮ್ಮ ಒಂದನೇ ತರಗತಿಯವರ ಕಲ್ಲು ಎಣಿಸಿ ಬೈಯುತ್ತಿದ್ದಳು. ಅವಳ ಕಡೆ ನೋಡಿದ, ಕರೆಯಲಿಲ್ಲ.

ಅಮಾವಾಸ್ಯೆ ಕಳೆದು ಮಂದೆ ಎದ್ದಿತು. ಮಕ್ಕಳು ಉಳಿದರು. ಅಪ್ಪ ಅವ್ವ ಹೊರಟುಹೋದ ಮಕ್ಕಳಿಗೆಲ್ಲ ಗುಡ್ಡಮ್ಮ ತನ್ನ ಒಲೆಯ ಮೇಲೇ ಮುದ್ದೆ ತಿರುವತೊಡಗಿದಳು. "ಆ ಟೀವಿಯಮ್ಮನ್ನ ಕೇಳು," ಎಂದಳು ಸೊಸೆಗೆ. "ಇಷ್ಟು ಮಕ್ಕಳನ್ನ ಹೊತ್ತಿಗೆ ಸರ್ಯಾಗಿ ಮಲಗಿಸೋದು ಯಂಗೆ ಅಂತ."

ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ತಾಲ್ಲೂಕಿನಲ್ಲೂ ಇಂಥ ತರಬೇತಿ ನಡೆದರೆ ತಪ್ಪಿಸಬೇಡಿ. ಹೋಗುವಾಗ ನಿಮ್ಮ ಶಾಲೆಯ ಒಂದು ಕಷ್ಟವನ್ನು ಪ್ರಶ್ನೆ ಮಾಡಿಕೊಂಡು ಹೋಗಿ. ಟಿ.ವಿ. ಸದ್ದು ತಗ್ಗಿಸಿ, ಊರ ಹೆಸರು ಹೇಳಿ, ನೇರ ಕೇಳಿ. ವಂದನೆ ಆಮೇಲೆ ಹೇಳಬಹುದು. ಬೇರೆಯವರ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ಅದನ್ನೂ ಫೋನ್ ಮಾಡಿ ಹೇಳಿ. ಎಲ್ಲೋ ಒಂದು ಒಂಟಿ ಕೋಣೆಗೆ ಅದು ಬೇಕಾಗಿದೆ. ತಂದೆತಾಯಂದಿರೇ, ತರಬೇತಿಯಿಂದ ಬಂದ ಮೇಷ್ಟ್ರನ್ನು ಏನು ಕೇಳಿ ಬಂದಿರಿ ಎಂದು ವಿಚಾರಿಸಿ. ಅರ್ಥವಾಗಿಲ್ಲ ಎಂದು ಹೇಳುವುದಕ್ಕೆ ನಾವು ನಾಚಿದರೆ ಅದರ ನಷ್ಟ ಮಕ್ಕಳಿಗೆ.

ಕೊನೆಯ ದಿನದ ಕಾರ್ಯಕ್ರಮ ಮುಗಿದ ಮೇಲೆ ಪವಿತ್ರ ಫೋನಿನ ವೈರು ಸುತ್ತಿಕೊಂಡಳು. ಎಷ್ಟೋ ಜನ ಮಾತಾಡಿದ ರಿಸೀವರನ್ನು ಸೆರಗಿನಿಂದ ಒರೆಸಿದಳು. ಎರಡೂ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ ಶಾಂತವೀರಪ್ಪನ ಮುಂದೆ ಇಟ್ಟಳು.

"ಅವರು ಇಸ್ಕೊಂಡಿದ್ದು," ಎಂದಳು. "ಮುಟ್ತಾ?"

ಶಾಂತವೀರಪ್ಪ ಎದ್ದು ನಿಂತ. "ಮುಟ್ತು ತಾಯಿ."

ಅವಳು ಕೈಬಿಟ್ಟಳು.