ಗಾಜಿಗೆ ಅಂಟಿದ ಅವ್ವನ ಮುಖ

ಊರು ಮಲಗಿದ ಮೇಲೆ ಅಡುಗೆಮನೆಯಲ್ಲಿ ಪರ್ರ್ ಎಂದು ಸಣ್ಣ ಸಪ್ಪಳವಾಯಿತು. ಅನ್ನವ್ವ ದೀಪದ ಕೆಳಗೆ ಹಿಡಿದು ನೋಡಿದಳು. ಅವ್ವನ ಫೋಟೋ ಕೈಗೆ ಬಂದಿತ್ತು, ಮುಖ ಮಾತ್ರ ಹರಿದು ಚೂರುಚೂರಾಗಿ ಗಾಜಿನಲ್ಲೇ ಉಳಿದಿತ್ತು.

ಹಂಸಭಾವಿಯ ಆ ಮನೆಯಲ್ಲಿ ಅವ್ವನದೆಂದು ಇದ್ದದ್ದು ಅದೊಂದೇ ಫೋಟೋ. ಪ್ರತಿ ಅಮಾವಾಸ್ಯೆಗೆ ಒದ್ದೆ ಅರಿವೆಯಲ್ಲಿ ಒರೆಸಿ ವಿಭೂತಿ ಹಚ್ಚುತ್ತಿದ್ದಳು. ನೀರು ಚೌಕಟ್ಟಿನೊಳಗೆ ಇಳಿದು ಚಿತ್ರ ಗಾಜಿಗೆ ಅಂಟಿತ್ತು. ನಾಳೆ ಹಾನಗಲ್ಲಿನಿಂದ ತಂಗಿ ಶಿವಬಸವ್ವ ಬರುವವಳಿದ್ದಳು. ಅವಳನ್ನು ಹಡೆದ ದಿನವೇ ಅವ್ವ ತೀರಿಕೊಂಡಿದ್ದಳು. ತಂಗಿ ಅವ್ವನನ್ನು ಕಂಡದ್ದು ಈ ಫೋಟೋದಲ್ಲಷ್ಟೇ. ಅವಳು ಬರುವಷ್ಟರಲ್ಲಿ ಬಿಡಿಸಿ ಸರಿಮಾಡೋಣವೆಂದು ಅನ್ನವ್ವ ಕೈ ಹಾಕಿದ್ದಳು.

ಹೋದ ವರ್ಷ ಊರ ಗ್ರಂಥಾಲಯದ ಜಯಶ್ರೀ ಮನೆಬಾಗಿಲಿಗೇ ಬಂದಿದ್ದಳು.

"ಅಕ್ಕಾರ, ಹಳೇ ಫೋಟೋ ತೋರಸ್ರಿ. ಗಾಜ ತಗಿಯೂದಿಲ್ಲ, ಇಲ್ಲೇ ಮೊಬೈಲ್‌ನ್ಯಾಗ ತಗದು ಗ್ರಂಥಾಲಯದ ಪೇಜಿಗೆ ಹಾಕ್ತೇನಿ. ನಿಮ್ಮದು ನಿಮ್ಮ ಕಡೇನ ಇರತೈತಿ."

"ಸತ್ತಾಕೀನ್ನ ಮೊಬೈಲ್‌ನ್ಯಾಗ ಮೆರವಣಿಗಿ ಮಾಡ್ತೀಯೇನವಾ?"

"ಬ್ಯಾಡಂದ್ರ ಪೇಜಿಗೆ ಹಾಕೂದಿಲ್ರಿ. ನಮ್ಮ ಕಂಪ್ಯೂಟರ್‌ನ್ಯಾಗ ಒಂದ ನಕಲರ ಇರಲಿ."

"ಗ್ವಾಡಿ ಮ್ಯಾಲೆ ಐತಲ್ಲ, ಎಲ್ಲಿಗೆ ಓಡಿ ಹೋಗತೈತಿ? ನೀ ಚಾ ಕುಡಿ."

ಜಯಶ್ರೀ ಚಹಾ ಕುಡಿದು ಹೋಗಿದ್ದಳು.

ಬೆಳಗಾಗುತ್ತಲೇ ಅನ್ನವ್ವ ಗಾಜನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗ್ರಂಥಾಲಯಕ್ಕೆ ಹೋದಳು. ಜಯಶ್ರೀ ಹೇಗಾಯಿತೆಂದು ಕೇಳಲಿಲ್ಲ.

"ಮಾರಿ ಪೂರಾ ಹರದೈತಿ, ಇದರ ನಕಲ ಇನ್ನ ಬರೂದಿಲ್ರಿ. ಬ್ಯಾರೇ ಯಾರದರ ಫೋಟೋದಾಗ ಇರಬಹುದು. ನಿಮ್ಮವ್ವಾರು ಎಲ್ಲೆರ ಕೆಲಸಕ್ಕ ಹೋಗ್ತಿದ್ರೇನ?"

"ಹಿರೇಕೆರೂರಾಗ ಹತ್ತಿ ಮಿಲ್ಲಿಗೆ."

ಜಯಶ್ರೀ ಪೇಜು ತೆರೆದಳು. ಹಿರೇಕೆರೂರಿನ ಮಾಬೂಬಿ ಎಂಬವರು ಕೊಟ್ಟ ಹಳೆಯ ಫೋಟೋ ಅಲ್ಲಿತ್ತು: ಹತ್ತಿ ರಾಶಿಯ ಮುಂದೆ ಕುಳಿತ ಹೆಂಗಸರು. ಗುರುತು ಹಿಡಿದವರು ಕೆಳಗೆ ಒಬ್ಬೊಬ್ಬರ ಹೆಸರು ಬರೆದಿದ್ದರು. ಕೊನೆಯವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸೆರಗು ಅವಳ ಅರ್ಧ ಮುಖ ಮುಚ್ಚಿತ್ತು.

"ಎಡಗೈಲೆ ಸೆರಗ ಹಿಡದಾಳ ನೋಡವಾ, ಯಾವಾಗ್ಲೂ ಹಿಂಗ ಹಿಡೀತಿದ್ಳು... ನಮ್ಮವ್ವ! ತಿಪ್ಪವ್ವ ಅಂತ ಬರಿ."

ಸಂಜೆ ಬಂದ ಶಿವಬಸವ್ವ ಮೊಬೈಲ್‌ನಲ್ಲಿ ಆ ಫೋಟೋ ತೆರೆದು, ಸೆರಗು ಮುಚ್ಚಿದ ಕಡೆ ಬೆರಳಿಟ್ಟಳು.

"ಈ ಕಡೆ ಮಾರಿ ಹೆಂಗಿತ್ತಕ್ಕಾ? ಗ್ವಾಡಿ ಫೋಟೋದಾಗ ನೋಡಿದ್ದು ನನಗ ನೆನಪಾಗವಲ್ದು."

ಅನ್ನವ್ವ ತನ್ನ ಕೆನ್ನೆ ಮುಟ್ಟಿ ತೋರಿಸಹೊರಟಾಗ ತಂಗಿ ತಡೆದಳು.

"ನೀ ಕಣ್ಣಾರೆ ನೋಡಿದಾಕಿ. ಹೇಳು, ಜಯಶ್ರೀ ವಿಡಿಯೋ ಮಾಡಿ ಹಾಕಲಿ. ನನ್ನ ಮಕ್ಕಳೂ ಕೇಳ್ತಾರ."

ಈ ಸಲ ಅನ್ನವ್ವ ಬೇಡವೆನ್ನಲಿಲ್ಲ. "ನಾಳೇನ ಕರಿ," ಎಂದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಫೋಟೋ ಗಾಜಿಗೆ ಅಂಟಿದ್ದರೆ ಕೀಳಬೇಡಿ. ಗಾಜಿನ ಸಮೇತ ಗ್ರಂಥಾಲಯಕ್ಕೆ ಒಯ್ಯಿರಿ. ಚಿತ್ರದಲ್ಲಿರುವವರು ಯಾರು, ಯಾವ ಊರಿನವರು ಎಂದು ಬರೆಸಿರಿ. ಎಲ್ಲರಿಗೂ ತೋರಿಸುವುದೋ ಬೇಡವೋ, ನಿಮ್ಮ ಇಷ್ಟ. ಆದರೆ ನಕಲು ಇಂದೇ ಆಗಲಿ.

ಗೋಡೆಯ ಫೋಟೋ ಏನಾಯಿತೆಂದು ಶಿವಬಸವ್ವ ಕೇಳಿದಾಗ ಅನ್ನವ್ವ, "ನೀರ ಹೊಕ್ಕು ಹಾಳಾತವಾ," ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ. ಪರ್ರ್ ಎಂದ ಆ ಸಪ್ಪಳದ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಬಾರದೆಂದು ನಿಶ್ಚಯಿಸಿ, ಗಾಜನ್ನು ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು.