ಕತ್ತಲಲ್ಲಿ ಚಿಗುರಿದ ಗಿಡಗಳು

ಭಾವ ಸಸ್ಯ ಸಂಶೋಧನಾ ಸಂಸ್ಥೆಗೆ ಮುಖ್ಯಸ್ಥರಾದದ್ದು ಗಿಡ ಬಲ್ಲರೆಂದಲ್ಲ, ಮಾತು ಬಲ್ಲರೆಂದು. ಧ್ರುವದ ಹೆಸರೆತ್ತಿದರೆ ಸಾಕು, ತಾವೇ ಅಲ್ಲಿ ಹಿಮ ಗುಡಿಸಿ ಬಂದವರ ಹಾಗೆ ಕೈ ಆಡಿಸುತ್ತಿದ್ದರು. ಭೂಮಿ ಬಿಸಿಯಾದರೆ ಅಲ್ಲಿ ಹಸಿರು ಹೆಚ್ಚುತ್ತದೆ, ಹಸಿರು ಹೆಚ್ಚಿದರೆ ಒಳ್ಳೆಯದೇ ತಾನೆ, ಜನ ಸುಮ್ಮನೆ ಗೋಳಾಡುತ್ತಾರೆ ಎಂಬುದು ಅವರ ಭಾಷಣದ ತಿರುಳು. ತಿರುಳಲ್ಲ, ಸಿಪ್ಪೆ.

ಅಲ್ಲಿಗೆ ನಿಜವಾಗಿ ಹೋಗಿಬಂದವಳು ಅವರ ತಮ್ಮನ ಹೆಂಡತಿ. ಪಾಚಿಯ ಮೇಲೆ ಓದಿದವಳಾದ್ದರಿಂದ ಎಲ್ಲರ ಬಾಯಲ್ಲೂ ಪಾಚಿಯಮ್ಮ. ಮನೆಯಲ್ಲಿ ಭಾವ, ಕೆಲಸದಲ್ಲಿ ಸಾರ್ ಎಂದು ಎರಡು ನಾಲಗೆ ಇಟ್ಟುಕೊಂಡು ದಿನ ದೂಡುತ್ತಿದ್ದಳು. ಅವಳು ತಂದು ಬೆಳೆಸಿದ್ದು ಬೆರಳುದ್ದದ ಕುಳ್ಳ ಗಿಡಗಳನ್ನು. ನೆಲ ತಬ್ಬಿಕೊಂಡೇ ಮುದಿಯಾಗುವ ಜಾತಿ. ಅವು ಹುಟ್ಟಿದ ದಿಬ್ಬ ಆಮೇಲೆ ಒಳಗಿನ ಹಿಮ ಕರಗಿ ಸಮುದ್ರಕ್ಕೆ ಕುಸಿದುಹೋಗಿತ್ತು. ಆ ದಿಬ್ಬದ ಗಿಡವೆಂದು ಉಳಿದಿದ್ದರೆ ಸಂಸ್ಥೆಯಲ್ಲಿ ಇವಳು ನೋಡಿಕೊಳ್ಳುತ್ತಿದ್ದ ಕೋಣೆಯಲ್ಲಿ ಮಾತ್ರ. ಅವು ಹೋದರೆ ಹೋದಂತೆಯೇ.

ಆ ಕೋಣೆಗೆ ಅದರದೇ ಕಟ್ಟುಪಾಡು. ಧ್ರುವದ ಚಳಿಗಾಲದಲ್ಲಿ ಸೂರ್ಯ ಮುಖವನ್ನೇ ತೋರಿಸುವುದಿಲ್ಲ, ಹಾಗಾಗಿ ಇಲ್ಲಿಯೂ ದೊಡ್ಡ ದೀಪಗಳನ್ನು ಆರಿಸಿ ತಣ್ಣಗೆ ಕತ್ತಲು ಮಾಡಿಡಬೇಕು. ನೀರು ಹಾಕಲು, ಒಮ್ಮೆ ನೋಡಿಬರಲು ಒಂದು ಮಂಕು ಹಸಿರು ದೀಪ; ಆ ಬೆಳಕು ಗಿಡದ ನಿದ್ದೆಗೆ ಅಷ್ಟಾಗಿ ತಟ್ಟುವುದಿಲ್ಲ. ಎಲೆಗೆ ಬೆಳಕೇ ಒಲೆ. ಬೇಸಿಗೆಯಲ್ಲಿ ಬೇಯಿಸಿ ಬೇರಿನಲ್ಲಿ ಕೂಡಿಟ್ಟದ್ದನ್ನು ಗಿಡ ಚಳಿಯಲ್ಲಿ ಚೂರುಚೂರೇ ತಿಂದುಕೊಂಡು ಮಲಗಿರುತ್ತದೆ.

ತಾಯಿಗೆ ಕಣ್ಣಿನ ಆಪರೇಷನ್ ಎಂದು ಪಾಚಿಯಮ್ಮ ರಜೆ ಹಾಕಿ ತವರಿಗೆ ಹೋದಳು. ವಾಪಸಾದ ದಿನವೇ ಸಂಸ್ಥೆಗೆ ಹಣ ಮಂಜೂರು ಮಾಡುವ ಸಮಿತಿಯ ಭೇಟಿ. ಸ್ವೆಟರ್ ತೊಟ್ಟು ಕೋಣೆಯ ಬಾಗಿಲು ತೆಗೆದವಳ ಮುಖಕ್ಕೆ ಬೆಚ್ಚನೆ ಗಾಳಿ ಬಡಿಯಿತು. ಹಿಂದೆಯೇ ಸಮಿತಿಯವರನ್ನು ಕರೆದುಕೊಂಡು ಭಾವ ನುಗ್ಗಿದರು. ಗಿಡಗಳು ಚಿಗುರಲಿ ಎಂದು ತಾವೇ ನಿಂತು ಬಿಸಿ ಏರಿಸಿದ್ದಾಗಿ ಹೆಮ್ಮೆಯಿಂದ ಹೇಳಿಕೊಂಡರು. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಲಡ್ಡುವಿನ ಹಾಗೆ ಬಾಯಿ ತುಂಬಿಸಿಕೊಂಡು, ಇಷ್ಟು ಶಾಖಕ್ಕೇ ಹೇಗೆ ಹಸಿರುಕ್ಕುತ್ತಿದೆ ನೋಡಿ ಎಂದರು.

ಹಸಿರು ದೀಪದಡಿ ನೀಳವಾದ ಚಿಗುರುಗಳೆಲ್ಲ ಹಸಿರಾಗಿಯೇ ಕಂಡವು. ಸಮಿತಿಯವರ ಬಿಳಿ ಅಂಗಿ, ಅವರ ಹಲ್ಲು, ಭಾವನ ಬೋಳು ನೆತ್ತಿ, ಅವೂ ಅಷ್ಟೇ ಹಸಿರು. ಅದು ಅಲ್ಲಿದ್ದ ಒಂದು ತಲೆಗೂ ಹೊಳೆಯಲಿಲ್ಲ. ಎಲ್ಲರೂ ತಲೆದೂಗಿದರು.

ಪಾಚಿಯಮ್ಮ ಒಂದು ಚಿಗುರನ್ನು ಮುಟ್ಟಿ ನೋಡಿದಳು. ನೆನೆದ ದಾರದಂತೆ ಬೆರಳಿಗೆ ಜೋತುಬಿತ್ತು. ಅವಳು ಗೋಡೆಯ ಸ್ವಿಚ್ಚಿನ ಕಡೆ ತಿರುಗಿದಳು.

"ಭಾವ, ದೊಡ್ಡ ದೀಪ ಹಾಕ್ತೀನಿ. ಈಗ್ಲೇ."

"ಸಾರ್ ಅನ್ನಮ್ಮ," ಎಂದು ಭಾವ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. "ನಾಳೆ ಪೇಪರ್‌ನೋರು ಬರ್ತಾರೆ, ಆಮೇಲೆ ಮಂತ್ರಿಗಳು. ಈ ದೀಪದಲ್ಲೇ ಚೆನ್ನಾಗಿ ಕಾಣ್ತಿದೆ. ಈ ವಾರ ಕಳೀಲಿ."

"ವಾರ ಕಳೆಯೋಷ್ಟು ಉಸಿರು ಇವಕ್ಕಿಲ್ಲ. ಒಲೆ ಹಚ್ಚದೆ ಎಬ್ಬಿಸಿ ಕೂರಿಸಿದ್ದೀರಿ, ಇದ್ದಬದ್ದದ್ದೆಲ್ಲ ತಿಂದು ಮುಗಿಸಿವೆ."

"ಮನೆ ಮರ್ಯಾದೆ ನೋಡ್ಕೋ."

ಅವಳು ಸ್ವಿಚ್ ಒತ್ತಿದಳು.

ಡಬ್ಬಿಯೊಳಗೆ ಮರೆತ ಆಲೂಗಡ್ಡೆಯ ಮೊಳಕೆಗಳಂತೆ ಬೆಳ್ಳಗೆ, ಸೊಟ್ಟಗೆ, ಹಸಿರಿನ ಸೋಂಕೇ ಇಲ್ಲದ ಚಿಗುರುಗಳು ಟ್ರೇ ತುಂಬ ಒರಗಿದ್ದವು. ಸಮಿತಿಯ ಹಿರಿಯರು ಕನ್ನಡಕ ಏರಿಸಿಕೊಂಡು, ಇದು ಬೇರೆ ತಳಿಯೇ ಎಂದು ಕೇಳಿದರು. ಭಾವ ರೆಪ್ಪೆ ಬಡಿಯದೆ, ಹೌದು, ಹೊಸದು, ಅಪರೂಪದ್ದು ಎಂದರು.

"ತಳಿ ಅಲ್ಲ, ಬಿಳಚಿಕೊಂಡಿವೆ," ಎಂದಳು ಪಾಚಿಯಮ್ಮ. "ಬಿಸಿ ಏರಿಸ್ದೋರು ಸೂರ್ಯನ್ನ ಏರಿಸೋದು ಮರೆತ್ರು. ಅಲ್ಲೂ ಈಗ ಚಳಿಗಾಲದ ನಡುವೆ ಹೀಗೇ ಸೆಕೆ ಬಂದುಬಿಡುತ್ತೆ, ಬೆಳಕು ಬರಲ್ಲ. ಗಿಡ ಪಾಪ ನಂಬಿ ಏಳುತ್ತೆ. ಸಾರ್ ಹೇಳೋ ಹಸಿರು ಇದೇ, ಕಣ್ತುಂಬ ನೋಡ್ಕೊಳ್ಳಿ."

ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಚಹಾದ ವಿಚಾರ ತೆಗೆದರು. ಸಮಿತಿ ಆಮೇಲೆ ತಿಳಿಸಿದ ಅಭಿಪ್ರಾಯವೂ ಅಷ್ಟೇ ಘನವಾದದ್ದು: ಕೋಣೆ ಚೆನ್ನಾಗಿದೆ, ದೀಪ ಮಂಕು.

ಅವಳು ಬಿಸಿ ಇಳಿಸಿ, ಬೆಳಕನ್ನು ಮೆಲ್ಲಮೆಲ್ಲಗೆ ಏರಿಸಿ, ಕೊಳೆತದ್ದನ್ನು ಕತ್ತರಿಸುತ್ತ ಕಾದಳು. ಗಿಡಗಳು ಒಂದೊಂದಾಗಿ ಬುಡದವರೆಗೆ ಕಪ್ಪಾದವು. ಮನೆಯಲ್ಲಿ ವಾರಗಿತ್ತಿ ಮಾತು ಬಿಟ್ಟಳು. ಅಣ್ಣನ ಹತ್ತಿರ ಒಂದು ಕ್ಷಮೆ ಕೇಳಿಬಿಡು, ಗಂಟೇನು ಹೋಗುತ್ತೆ ಎಂದ ಗಂಡ. ಅವಳು ಬಡಿಸಿದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಎದ್ದುಹೋದಳು.

ಗಾಳಿ ಬರುವ ಕಿಂಡಿಯ ಪಕ್ಕ ಅಷ್ಟೊಂದು ಕಾವು ತಲುಪದ ಮೂಲೆಯೊಂದಿತ್ತು. ಅಲ್ಲಿದ್ದ ಒಂದು ಟ್ರೇಯಲ್ಲಿ ಮಾತ್ರ ಮೊಗ್ಗುಗಳು ಒಡೆದಿರಲಿಲ್ಲ. ಪಾಚಿಯಮ್ಮ ರಾಜೀನಾಮೆ ಕೊಟ್ಟು, ಆ ಟ್ರೇಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು, ಊರಾಚೆಯ ಕಾಲೇಜಿನ ತಣ್ಣನೆ ಕೋಣೆಗೆ ಹೊರಟಳು. ಭಾವ ಮೆಟ್ಟಿಲ ಬಳಿ ಅಡ್ಡ ನಿಂತು, ಗಿಡಗಳು ಸಂಸ್ಥೆಯ ಸ್ವತ್ತು, ನಿನ್ನಪ್ಪನ ಮನೆಯದಲ್ಲ ಎಂದರು.

"ಸತ್ತಿದ್ದೆಲ್ಲ ನಿಮ್ದೇ ಸಾರ್, ಒಳಗಿವೆ," ಎಂದಳು ಅವಳು. "ಮಂತ್ರಿಗಳು ಬಂದಾಗ ಹಸಿರು ದೀಪ ಹಾಕಿ ತೋರಿಸಿ."

ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಅವರ ಪಕ್ಕದಿಂದ ಇಳಿದುಹೋದಳು.