ಅಣ್ಣನ ಹೆಸರು ಹೇಳಿ ಹಾಕಿದ ಕ್ಲಚ್ಚು

ಅತ್ತಿಗೆ ಕಾರನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸುವ ಮೊದಲೇ ಸುಟ್ಟ ವಾಸನೆ ಒಳಗೆ ಬಂದಿತ್ತು. ಮೇಸ್ತ್ರಿ ಬಾನೆಟ್ ತೆಗೆದು ನೋಡುವ ಗೋಜಿಗೂ ಹೋಗಲಿಲ್ಲ. ಮೂವತ್ತು ವರ್ಷ ಗಾಡಿಗಳ ಕೆಳಗೆ ಮಲಗಿದವನಿಗೆ ಕ್ಲಚ್ ಪ್ಲೇಟ್ ಸತ್ತ ವಾಸನೆ ಬೇರೆಯವರು ಹೇಳಿಕೊಡಬೇಕೇ?

"ಏರು ಹತ್ತುವಾಗ ಇಂಜಿನ್ ಸುಮ್ನೆ ಕಿರುಚ್ಕೊಳ್ಳುತ್ತೆ ಕಣೋ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ," ಎಂದಳು ಅತ್ತಿಗೆ ಇಳಿಯುತ್ತಾ.

"ಕ್ಲಚ್ ಮುಗಿದಿದೆ ಅತ್ತಿಗೆ. ಬಿಟ್ಟು ಹೋಗಿ, ನೋಡ್ತೀನಿ."

"ನೋಡ್ತೀನಿ ಅಂತ ಮೂಲೆಗೆ ತಳ್ಳಿ ಕೂತ್ಕೋಬೇಡ ಮತ್ತೆ. ನಾನು ಓಡಿಸ್ಬೇಕು."

ಆ ಕಡೆಯ ಮಾತು ಮೇಸ್ತ್ರಿಗೆ ಚುಚ್ಚಿತು. ಯಾಕೆಂದು ಹೇಳದೆ ಮುಂದೆ ಹೋದರೆ ಅವನಿಗೆ ಅನ್ಯಾಯವಾಗುತ್ತದೆ. ಆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಹಳೇ ಸ್ಪೋರ್ಟ್ಸ್ ಕಾರನ್ನು ಅವನೂ ಅವನ ಅಣ್ಣನೂ ಗುಜರಿಯವನಿಂದ ತಂದಿದ್ದರು. ಬಾಗಿಲಿರಲಿಲ್ಲ, ಗೇರ್‌ಬಾಕ್ಸಿನೊಳಗೆ ಇಲಿ ಮರಿ ಹಾಕಿತ್ತು. ಆರು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು, ಒಂದೊಂದೇ ಬೋಲ್ಟು ಹುಡುಕಿ, ಇಬ್ಬರೂ ಅದನ್ನು ಎಬ್ಬಿಸಿ ನಿಲ್ಲಿಸಿದ್ದರು. ದೊಡ್ಡವನೆಂದು ಕಾಗದಪತ್ರ ಅಣ್ಣನ ಹೆಸರಿಗೆ ಆಯಿತು. ಎಂಟು ತಿಂಗಳ ಹಿಂದೆ ಅಣ್ಣ ಕಾಯಿಲೆಯಲ್ಲಿ ಹೋದ. ಕಾರು ಅತ್ತಿಗೆಗೆ ಬಂತು. ಅದು ನ್ಯಾಯವೇ, ತನಗೇನೂ ಬೇಸರವಿಲ್ಲ ಎಂದು ಮೇಸ್ತ್ರಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಯಾರೂ ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ, ಅತ್ತಿಗೆ ಒಂದು ದಿನ ಬಂದು "ನನಗ್ಯಾಕೆ ಇದು, ನೀನೇ ಇಟ್ಕೋ" ಎನ್ನುತ್ತಾಳೆಂದು ಎಂಟು ತಿಂಗಳು ಕಾದಿದ್ದ. ಅವಳು ಬಂದದ್ದು ಸೀಟಿನ ಮೇಲೊಂದು ಹೂವಿನ ದಿಂಬು ಹಾಕಿಕೊಂಡು. ಸ್ಟೀರಿಂಗ್ ಆಚೆಗೆ ರಸ್ತೆ ಕಾಣಲಿ ಎಂದು. ಆ ದಿಂಬು ನೋಡಿದಾಗಲೆಲ್ಲ ಮೇಸ್ತ್ರಿಯ ಮೈ ಉರಿಯುತ್ತಿತ್ತು.

ಮರುದಿನ ಗೇರ್‌ಬಾಕ್ಸ್ ಇಳಿಸಿದ. ಪ್ಲೇಟು ತಗಡಿನಷ್ಟು ಸವೆದಿತ್ತು, ಅದು ಒತ್ತಿ ಹಿಡಿಯುವ ಇಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಮುಖದ ಮೇಲೆ ಕಾವಿಗೆ ನೀಲಿ ಕಲೆ ಎದ್ದಿತ್ತು. ಆದರೆ ಫ್ಲೈವೀಲ್ ಗಟ್ಟಿಮುಟ್ಟಾಗಿಯೇ ಇತ್ತು. ಲೇತಿನಲ್ಲಿ ಒಂದು ಪದರ ತೆಗೆಸಿದರೆ ಇನ್ನೂ ಇಪ್ಪತ್ತು ವರ್ಷ ಓಡುವ ಸಾಮಾನು. ಅದನ್ನೇ ಮಾಡುವುದು, ಅದಕ್ಕೊಂದು ಸಾದಾ ಪ್ಲೇಟು ಹಾಕುವುದು ಎಂದು ನಿಶ್ಚಯಿಸಿಕೊಂಡೇ ಅವನು ಬಿಡಿಭಾಗದ ಅಂಗಡಿಗೆ ಹೋದ. ಹೋಗುವಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂಬುದಕ್ಕೆ ನಾನು ಬೇಕಾದರೆ ಸಾಕ್ಷಿ ಹೇಳುತ್ತೇನೆ.

ಅಂಗಡಿಯವನಿಗೆ ಎಲ್ಲರೂ ಡಬಲ್ ಕನ್ನಡಕ ಎನ್ನುತ್ತಿದ್ದರು. ಮೂಗಿನ ಮೇಲೊಂದು, ಹಣೆಯ ಮೇಲೊಂದು ಯಾವಾಗಲೂ ಇರುತ್ತಿತ್ತು. ಅವನದೊಂದು ಹಟ. ಗಾಡಿ ಯಾವುದು ಎಂದು ಆಮೇಲೆ ಕೇಳುತ್ತಿದ್ದ, ಮೊದಲು ಕೇಳುವುದು ಓಡಿಸುವವರನ್ನು.

"ಯಾರು ಓಡಿಸೋದು?"

"ಯಾಕಪ್ಪಾ, ಜಾತಕ ನೋಡ್ತೀಯಾ?"

"ಕ್ಲಚ್ ಅಂದ್ರೆ ಚಪ್ಪಲಿ ಇದ್ದ ಹಾಗೆ ಮೇಸ್ತ್ರಿ. ಕಾಲು ಯಾರದು ಅಂತ ಗೊತ್ತಾಗದೆ ಕೊಡಲ್ಲ."

ಮಾತನಾಡುತ್ತಲೇ ಅವನು ಕೌಂಟರಿನ ಮೇಲೆ ಮೂರು ಡಬ್ಬಿ ಇಟ್ಟ. ಮೊದಲನೆಯದು ಕಂಪನಿಯದೇ ನಮೂನೆಯ ಸಾದಾ ಪ್ಲೇಟು. ಮೆತ್ತಗೆ ಹಿಡಿಯುತ್ತದೆ, ಊರೊಳಗೆ ಓಡಿಸುವವರಿಗೆ ಹೇಳಿ ಮಾಡಿಸಿದ್ದು. ಎರಡನೆಯದು ಸ್ವಲ್ಪ ಬಿಗಿ, ಜೊತೆಗೆ ತುಸು ಹಗುರ ಮಾಡಿದ ಉಕ್ಕಿನ ಫ್ಲೈವೀಲ್. ಇಂಜಿನ್ ಚುರುಕಾಗುತ್ತದೆ, ಕಾಲಿಗೆ ಅಂಥ ಕಷ್ಟವಿಲ್ಲ. ಮೂರನೆಯದು ರೇಸಿನವರದು. ಪ್ಲೇಟಿನ ಮೇಲೆ ಲೋಹದ ಬಿಲ್ಲೆಗಳು, ಸ್ಪ್ರಿಂಗು ಕಲ್ಲಿನಷ್ಟು ಗಟ್ಟಿ, ಫ್ಲೈವೀಲ್ ಅಲ್ಯೂಮಿನಿಯಂ.

"ಇದರಲ್ಲಿ ಅರ್ಧ ಕ್ಲಚ್ ಅನ್ನೋದೇ ಇಲ್ಲ," ಎಂದ ಡಬಲ್ ಕನ್ನಡಕ, ಮೂರನೆಯದನ್ನು ಬೆರಳಿನಿಂದ ತಟ್ಟುತ್ತಾ. "ಹಿಡಿದ್ರೆ ಹಿಡೀತು, ಬಿಟ್ರೆ ಬಿಡ್ತು. ಫ್ಲೈವೀಲಿಗೆ ತೂಕ ಇಲ್ವಲ್ಲ, ಆಕ್ಸಲರೇಟರ್ ಒಂಚೂರು ಕಮ್ಮಿ ಆದ್ರೂ ಗಾಡಿ ಗಕ್ಕಂತ ಆಫ್. ಟ್ರಾಫಿಕ್ಕಲ್ಲಿ ಹತ್ತು ನಿಮಿಷ ಓಡಿಸಿದ್ರೆ ತೊಡೆ ನಡುಗುತ್ತೆ. ಅದಕ್ಕೇ ಕೇಳಿದ್ದು, ಯಾರು ಓಡಿಸೋದು?"

"ನಾನೇ," ಎಂದ ಮೇಸ್ತ್ರಿ.

ಮಾತು ತಾನಾಗಿಯೇ ಜಾರಿತ್ತು. ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು, ಅಂಗಡಿಯವನು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಬಿಲ್ಲು ಬರೆದದ್ದೇ ಐದು ನಿಮಿಷ. ಮೇಸ್ತ್ರಿ ತಿದ್ದಿಕೊಳ್ಳಲಿಲ್ಲ. ಅತ್ತಿಗೆಯ ಎಡ ಮೊಣಕಾಲಿಗೆ ನಾಲ್ಕು ವರ್ಷದ ಹಿಂದೆ ಆಪರೇಷನ್ ಆಗಿತ್ತು. ಅಣ್ಣ ಊರಲ್ಲಿರಲಿಲ್ಲವೆಂದು ಅವಳನ್ನು ಎತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಇವನೇ. ಗಾಡಿ ಹತ್ತು ದಿನ ಕಾಲು ನೋಯಿಸಿದರೆ ಹನ್ನೊಂದನೆಯ ದಿನ ಅದಾಗಿಯೇ ಗ್ಯಾರೇಜಿಗೆ ಬರುತ್ತದೆ, ಯಾರೂ ಯಾರನ್ನೂ ಕೇಳಿಕೊಂಡಂತಾಗುವುದಿಲ್ಲ. ಮನೆಗೆ ಬರುವಷ್ಟರಲ್ಲಿ ಲೆಕ್ಕಾಚಾರ ಇಷ್ಟು ದೂರ ಬೆಳೆದಿತ್ತು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದ. ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ಬಿಗಿದ, ಹೊಸ ಬೇರಿಂಗ್ ಹಾಕಿದ, ಕ್ಲಚ್ ವೈರು ಬದಲಾಯಿಸಿದ. ಕೆಟ್ಟ ಕೆಲಸವನ್ನೂ ಇಷ್ಟು ಚೆನ್ನಾಗಿ ಮಾಡುವವನನ್ನು ಏನೆನ್ನಬೇಕು?

ಅತ್ತಿಗೆ ಬಂದು ಕೂತು ಪೆಡಲ್ ತುಳಿದಳು. ಅರ್ಧಕ್ಕೆ ನಿಂತಿತು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ ತುಳಿದಾಗ ತಳ ಮುಟ್ಟಿತು.

"ಇದೇನೋ ಇಷ್ಟು ಗಟ್ಟಿ?"

"ಅಣ್ಣ ಇದನ್ನೇ ಹಾಕ್ಬೇಕು ಅಂತ ಮೊದಲೇ ಹೇಳಿಟ್ಟಿದ್ದ ಅತ್ತಿಗೆ. ಕೊನೇ ಸಲ ನಾನು ನೋಡೋಕೆ ಬಂದಾಗ."

ಅಣ್ಣ ಅಂಥದ್ದೇನೂ ಹೇಳಿರಲಿಲ್ಲ. ಬದುಕಿದ್ದಷ್ಟು ದಿನ ರೇಸಿನ ಕ್ಲಚ್ ಹಾಕಿಸಿಕೊಂಡು ಸಿಗ್ನಲ್ಲಿನಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುವವರನ್ನು ಕಂಡು ನಗುತ್ತಿದ್ದ. ಅತ್ತಿಗೆ ಮಾತ್ರ ಆ ಹೆಸರು ಕೇಳಿ ಕೀಲಿಗೆ ಕೈ ಹಾಕಿದಳು. "ಹಾಗಾದ್ರೆ ಸರಿ," ಎಂದಳು. ಗೇಟು ದಾಟುವಷ್ಟರಲ್ಲಿ ಗಾಡಿ ಎರಡು ಸಲ ಆಫ್ ಆಯಿತು.

ಹತ್ತು ದಿನವಾಯಿತು, ಹದಿನೈದಾಯಿತು. ಕಾರು ಬರಲಿಲ್ಲ. ಮೇಸ್ತ್ರಿ ಒಂದು ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಅಡ್ಡರಸ್ತೆಯ ತುದಿಗೆ ಹೋಗಿ ನಿಂತ. ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಹಸಿರು ಬಿತ್ತು. ಕಾರು ಎಗರಿ, ನಡುಗಿ, ಸತ್ತಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಬಸ್ಸಿನವನೊಬ್ಬ ತಲೆ ಹೊರಗೆ ಹಾಕಿ, "ಓಡ್ಸೋಕೆ ಬರಲ್ಲ ಅಂದ್ರೆ ಮನೇಲಿರಮ್ಮಾ!" ಎಂದು ಕೂಗಿದ. ಅತ್ತಿಗೆ ತಿರುಗಿಯೂ ನೋಡದೆ, ತುಟಿ ಕಚ್ಚಿಕೊಂಡು, ಕೀಲಿ ತಿರುಗಿಸುತ್ತಿದ್ದಳು. ಅವಳು ಬಿಟ್ಟುಕೊಡುವುದಿಲ್ಲವೆಂದು ಮೇಸ್ತ್ರಿಗೆ ಆಗ ಗೊತ್ತಾಯಿತು. ಗಂಡ ಹೇಳಿದ್ದೆಂದು ಅವಳು ಆ ಕಲ್ಲನ್ನು ದಿನವೂ ತುಳಿಯುತ್ತಿದ್ದಳು. ಅವನು ಹಾಲು ತೆಗೆದುಕೊಳ್ಳುವುದನ್ನೇ ಮರೆತು ವಾಪಸು ಬಂದ. ಆ ದಿನ ಯಾರೊಡನೆ ಮಾತನಾಡಿದರೂ ರೇಗಿದ.

ಮೂರನೆಯ ವಾರ ಮಧ್ಯಾಹ್ನ ಅತ್ತಿಗೆ ಬಂದಳು. ಕಾರನ್ನು ಅಂಗಳದ ಇಳಿಜಾರಿನಲ್ಲೇ ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಕುಂಟುತ್ತಾ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಮೊಣಕಾಲು ಊದಿತ್ತು. ಕೀಲಿಯನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟಳು.

"ತಗೋ. ನೀನೇ ಇಟ್ಕೋ."

ಎಂಟು ತಿಂಗಳಿನಿಂದ ಕಾದ ಮಾತು.

"ಕಾಲು ನೋವು ಅಂತ ಕೊಡ್ತಾ ಇಲ್ಲ ಕಣೋ," ಎಂದಳು ಅವಳು. "ನೋವು ಅಭ್ಯಾಸ ಆಗುತ್ತೆ. ಆಸ್ಪತ್ರೇಲಿ ಕೊನೇ ವಾರ ನಿಮ್ಮಣ್ಣ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಕಾರು ನೀನೇ ಓಡಿಸು, ಯಾರಿಗೂ ಕೊಡ್ಬೇಡ ಅಂತ. ಇಪ್ಪತ್ತೆರಡು ವರ್ಷ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು, ಒಂದು ದಿನ ಸ್ಟೀರಿಂಗ್ ಮುಟ್ಟೋಕೆ ಬಿಡದ ಮನುಷ್ಯ! ಆ ಒಂದು ಮಾತಿಗೆ ನಾನು ಎಲ್ಲಾ ಮರೆತುಬಿಟ್ಟೆ. ಅದನ್ನೇ ನೆನೆಸ್ಕೊಂಡು ಇಷ್ಟು ದಿನ ಎದ್ದು ಓಡಾಡಿದೀನಿ. ಆದ್ರೆ ನನ್ನ ಮೊಣಕಾಲು ಅವರಿಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೂ ಇಂಥದ್ದು ಹಾಕು ಅಂತ ನಿನಗೆ ಹೇಳಿದಾರೆ. ಅಂದ್ರೆ ನನ್ನ ಸಮಾಧಾನಕ್ಕೆ ನನ್ನ ಮುಂದೆ ಒಂದು ಮಾತು, ನಿನ್ನ ಮುಂದೆ ನಿಜವಾದ ಮಾತು, ಕಾರು ಇವಳ ಕೈಲಿ ಓಡಬಾರದು ಅಂತ. ಸಾಯೋವಾಗಲೂ ನನ್ನ ಹತ್ರ ನಾಟಕ ಆಡಿ ಹೋದ್ರಲ್ಲೋ."

ಅವಳು ಅಳಲಿಲ್ಲ. ಊದಿದ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಾರು ಅವನದಾಗುತ್ತಿತ್ತು, ಅತ್ತಿಗೆ ಮನೆಗೆ ಹೋಗುತ್ತಿದ್ದಳು, ಸತ್ತವನು ಎದ್ದು ಬಂದು ಜಗಳವಾಡುತ್ತಿರಲಿಲ್ಲ. ಅವನು ಒಂದು ಕ್ಷಣ ಹಾಗೆಯೇ ನಿಂತಿದ್ದ ಕೂಡ. ಆ ಒಂದು ಕ್ಷಣಕ್ಕಾಗಿ ಅವನು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

"ಅಣ್ಣ ಹೇಳಿರ್ಲಿಲ್ಲ ಅತ್ತಿಗೆ," ಎಂದ.

"ಏನು?"

"ಕ್ಲಚ್ ವಿಷಯ ಅವನು ಏನೂ ಹೇಳಿರ್ಲಿಲ್ಲ. ನಾನೇ ಹಾಕಿದ್ದು. ನಿಮ್ಮ ಕೈಯಲ್ಲಿ ಆಗಬಾರದು, ಗಾಡಿ ನನಗೆ ಬರಬೇಕು ಅಂತ ಬೇಕಂತಲೇ ಹಾಕಿದೆ."

ಅತ್ತಿಗೆ ತಲೆಯೆತ್ತಿದಳು. "ಇನ್ನೊಂದ್ಸಲ ಹೇಳು."

ಅವನು ಮತ್ತೆ ಹೇಳಿದ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಗಂಡನನ್ನು ವಾಪಸು ಪಡೆದವಳ ಹಾಗೆ ಕಣ್ಣು ತುಂಬಿ ಬಂತು, ಅಂಗೈಯಿಂದ ಒರೆಸಿಕೊಂಡಳು. ಆಮೇಲೆ ಎದ್ದು, ಅವನ ಕೈಯಿಂದ ಕೀಲಿ ತೆಗೆದುಕೊಂಡು ನಡೆದಳು.

"ಬಿಟ್ಟು ಹೋಗಿ ಅತ್ತಿಗೆ, ಸಾದಾ ಪ್ಲೇಟ್ ಹಾಕ್ತೀನಿ. ನಾಳೇನೇ ಕೊಡ್ತೀನಿ. ನಿಮ್ಮ ಕಾಲು..."

ಅವಳು ಹೋಗಿ ಕಾರಿನೊಳಗೆ ಕುಳಿತಳು. ಅಂಗಳದಿಂದ ರಸ್ತೆಗೆ ಏರು. ಗಾಡಿ ಎಗರಿ ಆಫ್ ಆಯಿತು. ಮತ್ತೆ ಶುರು ಮಾಡಿದಳು, ಮತ್ತೆ ಆಫ್ ಆಯಿತು. ಮೂರನೆಯ ಸಲ ಕಾರು ಹಿಂದಕ್ಕೆ ಜಾರತೊಡಗಿದಾಗ ಮೇಸ್ತ್ರಿ ಓಡಿಹೋಗಿ ಎರಡೂ ಕೈ ಕೊಟ್ಟು ತಡೆದು ಹಿಡಿದ. ಇಪ್ಪತ್ತೆರಡು ವರ್ಷ ಅವನನ್ನು ಸ್ವಂತ ತಮ್ಮನ ಹಾಗೆ ಏನೋ, ಬಾರೋ ಎಂದು ಬೈದು, ಕರೆದು, ಉಣ್ಣಿಸಿದ ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಕೈ ತೆಗೀರಿ," ಎಂದಳು.

ಮೇಸ್ತ್ರಿ ಕೈ ತೆಗೆದು ಪಕ್ಕಕ್ಕೆ ಸರಿದ. ಅವಳು ಬ್ರೇಕು ತುಳಿದು ಗಾಡಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ನಾಲ್ಕನೆಯ ಸಲ ಕೀಲಿ ತಿರುಗಿಸಿದಳು.